ಕಮ್ಯುನಿಟಿ ಕಾಲೇಜಿನಲ್ಲೇ ಬ್ಯಾಚುಲರ್ ಡಿಗ್ರಿ: ಯಾರಿಗೆ ಒಪ್ಪುತ್ತದೆ, ಯಾರಿಗೆ ಒಪ್ಪಲ್ಲ

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಬ್ಯಾಚುಲರ್ ಡಿಗ್ರಿ ಮುಗಿಸೋಕೆ ಒಟ್ಟು ಫೀ 10,560 ಡಾಲರ್. ವರ್ಷಕ್ಕಲ್ಲ, ನಾಲ್ಕೂ ವರ್ಷ ಸೇರಿ. ಇಲ್ಲಿನ ಕನ್ನಡ ಕುಟುಂಬಗಳ ವಾಟ್ಸಾಪ್ ಗುಂಪುಗಳಲ್ಲಿ ಈ ಅಂಕಿ ಆಗಾಗ ಓಡಾಡುತ್ತದೆ. ಅದರ ಹಿಂದೆಯೇ ಪ್ರಶ್ನೆಗಳು. ಇದು ನಿಜವಾ? ನಿಜವಾದರೆ ಎಲ್ಲರೂ ಯಾಕೆ ಹೋಗಲ್ಲ? ಮಗನನ್ನು ಇಲ್ಲಿಗೇ ಸೇರಿಸೋದಾ, ಎರಡು ವರ್ಷ ಓದಿಸಿ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಮಾಡಿಸೋದಾ, ಅಥವಾ ಸಾಲ ಮಾಡಿಯಾದರೂ ನೇರವಾಗಿ ಯುಸಿಗೆ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ ಕಳಿಸೋದಾ?

ಅಂಕಿ ನಿಜ. ನನ್ನ ಅಭಿಪ್ರಾಯವನ್ನೂ ಮೊದಲೇ ಹೇಳಿಬಿಡುತ್ತೇನೆ. ಈ ಡಿಗ್ರಿ ಓದೋಕೆ ಅಗ್ಗ, ಮಧ್ಯದಲ್ಲಿ ಮನಸ್ಸು ಬದಲಾಯಿಸೋಕೆ ದುಬಾರಿ. ಹಾಗಾಗಿ ಮೊದಲು ನೋಡಬೇಕಾದ್ದು ಫೀ ಅಲ್ಲ. ನಿಮ್ಮ ಮಗ ಅಥವಾ ಮಗಳಿಗೆ ಏನು ಕೆಲಸ ಮಾಡಬೇಕು ಅನ್ನೋದು ಎಷ್ಟರಮಟ್ಟಿಗೆ ಗೊತ್ತಿದೆ ಅನ್ನೋದು.

ಹಿನ್ನೆಲೆ, ನಾಲ್ಕು ಮಾತಿನಲ್ಲಿ

ಕಮ್ಯುನಿಟಿ ಕಾಲೇಜು ಅಂದರೆ ಬಹುಕಾಲ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಕೊಡುವ ಕಾಲೇಜು, ಅಷ್ಟೇ. ಫ್ಲಾರಿಡಾದಲ್ಲಿ 2001ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಕಾಲೇಜಿಗೆ ಬ್ಯಾಚುಲರ್ ಡಿಗ್ರಿ ಕೊಡುವ ಅಧಿಕಾರ ಸಿಕ್ಕಿತು. ಆಮೇಲೆ ಒಂದೊಂದೇ ರಾಜ್ಯ ಆ ದಾರಿ ಹಿಡಿಯಿತು. ಕ್ಯಾಲಿಫೋರ್ನಿಯಾ ತಡವಾಗಿ ಬಂತು. 2014ರ ಕಾನೂನಿನಿಂದ 15 ಡಿಸ್ಟ್ರಿಕ್ಟ್‌ಗಳಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. 2021ರ ಎಬಿ 927 ಎಂಬ ಕಾನೂನು ಅದನ್ನು ಕಾಯಂ ಮಾಡಿತು. ಈಗ ರಾಜ್ಯದಾದ್ಯಂತ ವರ್ಷಕ್ಕೆ 30ರವರೆಗೆ ಹೊಸ ಕೋರ್ಸ್‌ಗಳಿಗೆ ಅನುಮತಿ ಕೊಡಬಹುದು.

ಆದರೆ ಆ ಕಾನೂನಿನಲ್ಲೇ ಒಂದು ಷರತ್ತಿದೆ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಸಿಎಸ್‌ಯು ಕೊಡುವ ಡಿಗ್ರಿಯನ್ನೇ ಕಮ್ಯುನಿಟಿ ಕಾಲೇಜು ಮತ್ತೆ ಕೊಡುವಂತಿಲ್ಲ. ಈ ಒಂದು ಸಾಲು ಗೊತ್ತಿಲ್ಲದೆ ಹೋದರೆ ಮಿಕ್ಕ ಲೆಕ್ಕವೆಲ್ಲ ತಲೆಕೆಳಗು.

ಯಾವ ಅಳತೆಗೋಲು

ಹೋಲಿಸೋಕೆ ಮುಂಚೆ ಐದು ವಿಷಯ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಓದಬೇಕಿರುವ ವಿಷಯ ಯಾವುದು, ಆ ವಿಷಯದ ಬಗ್ಗೆ ಮಗುವಿಗೆ ಎಷ್ಟು ಗಟ್ಟಿ ಮನಸ್ಸಿದೆ. ಫೀ ಮಾತ್ರವಲ್ಲ, ಇರೋಕೆ, ತಿನ್ನೋಕೆ, ಓಡಾಡೋಕೆ ಸೇರಿ ಒಟ್ಟು ಎಷ್ಟು. ಯಾವ ವೀಸಾ, ಆ ರಾಜ್ಯದ ನಿವಾಸಿ ಅಂತ ಕಾಲೇಜು ಒಪ್ಪುತ್ತದಾ. ಕೊನೆಗೆ, ಡಿಗ್ರಿ ಆದ ಮೇಲೆ ಮಾಸ್ಟರ್ಸಾ, ಲೈಸೆನ್ಸ್ ಬೇಕಾದ ಕೆಲಸವಾ, ಭಾರತಕ್ಕೆ ವಾಪಸ್ಸಾ.

ಇನ್ನೊಂದು ಅಳತೆಗೋಲೂ ಇದೆ, ಯಾರೂ ಹಾಳೆಯಲ್ಲಿ ಬರೆಯಲ್ಲ. ಅದು ನಾಲ್ಕು ಜನ ಏನಂತಾರೆ ಅನ್ನೋದು. ಕಮ್ಯುನಿಟಿ ಕಾಲೇಜು ಅಂದರೆ ಮೂಗು ಮುರಿಯೋರು ನಮ್ಮಲ್ಲಿ ಇನ್ನೂ ಇದ್ದಾರೆ. ಬರ್ಕ್ಲಿಗೋ ಯುಸಿಎಲ್‌ಎಗೋ ಸೀಟು ಸಿಕ್ಕರೆ ಯುಗಾದಿ ಕಾರ್ಯಕ್ರಮದಲ್ಲಿ ಎಲ್ಲರಿಗೂ ಹೇಳುತ್ತೇವೆ. ಡಿ ಆನ್ಜಾ ಕಮ್ಯುನಿಟಿ ಕಾಲೇಜಿಗೆ ಸೇರಿದರೆ 'ಇನ್ನೂ ನೋಡ್ತಾ ಇದೀವಿ' ಅಂತೀವಿ. ಆ ಅಳತೆಗೋಲನ್ನು ಈ ಲೇಖನದ ಮಟ್ಟಿಗಾದರೂ ಪಕ್ಕಕ್ಕಿಡೋಣ.

ಒಂದನೇ ದಾರಿ: ನಾಲ್ಕೂ ವರ್ಷ ಕಮ್ಯುನಿಟಿ ಕಾಲೇಜಿನಲ್ಲೇ

ಮೊದಲು 10,560 ಎಲ್ಲಿಂದ ಬಂತು ನೋಡೋಣ. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಮೊದಲ ಎರಡು ವರ್ಷದ ಕೋರ್ಸ್‌ಗಳಿಗೆ ಯುನಿಟ್‌ಗೆ, ಅಂದರೆ ಕ್ರೆಡಿಟ್‌ಗೆ 46 ಡಾಲರ್. 60 ಯುನಿಟ್‌ಗೆ 2,760 ಆಯಿತು. ಮೂರು ಮತ್ತು ನಾಲ್ಕನೇ ವರ್ಷದ ಕೋರ್ಸ್‌ಗಳಿಗೆ ಅದರ ಮೇಲೆ ಯುನಿಟ್‌ಗೆ ಇನ್ನೂ 84 ಸೇರಿ 130 ಡಾಲರ್. 60 ಯುನಿಟ್‌ಗೆ 7,800. ಕೂಡಿದರೆ 10,560. ಫುಟ್‌ಹಿಲ್, ಡಿ ಆನ್ಜಾದಂಥ ಕ್ವಾರ್ಟರ್ ಪದ್ಧತಿಯ ಕಾಲೇಜುಗಳಲ್ಲಿ ಯುನಿಟ್‌ಗೆ 31 ಡಾಲರ್ ಅಂತ ನೋಡಿ ಇನ್ನೂ ಅಗ್ಗ ಅಂದುಕೊಳ್ಳಬೇಡಿ. ಅಲ್ಲಿ ಯುನಿಟ್‌ಗಳ ಸಂಖ್ಯೆ ಒಂದೂವರೆ ಪಟ್ಟು ಇರುತ್ತದೆ. ಕೊನೆಗೆ ಎರಡೂ ಒಂದೇ.

ಈ ಲೆಕ್ಕದಲ್ಲಿ ಹೆಲ್ತ್ ಫೀ, ಪಾರ್ಕಿಂಗ್, ಪುಸ್ತಕ ಬರಲ್ಲ. ಮಗು ಮನೆಯಲ್ಲೇ ಇದ್ದು ಓದುತ್ತದೆ ಅಂತ ಇಟ್ಟುಕೊಂಡ ಲೆಕ್ಕ ಇದು. ಹೆಚ್ಚಿನ ಕಮ್ಯುನಿಟಿ ಕಾಲೇಜುಗಳಲ್ಲಿ ಹಾಸ್ಟೆಲ್ ಇಲ್ಲ. ಹಾಗಾಗಿ ನಿಮಗೆ ಬೇಕಾದ ಕೋರ್ಸ್ ಮನೆಯಿಂದ ಕಾರಿನಲ್ಲಿ ಹೋಗಿ ಬರುವಷ್ಟು ಹತ್ತಿರ ಇದ್ದರೆ ಮಾತ್ರ ಇದು ಹತ್ತೂವರೆ ಸಾವಿರದ ಡಿಗ್ರಿ. ಸಾಂಟಾ ಮೋನಿಕಾದಲ್ಲಿ ಕೋಣೆ ಬಾಡಿಗೆಗೆ ಹಿಡಿದು ಓದಿಸಿದರೆ ನಾಲ್ಕು ವರ್ಷದ ಫೀಯನ್ನು ಬಾಡಿಗೆ ಒಂದೇ ವರ್ಷದಲ್ಲಿ ದಾಟಿಬಿಡುತ್ತದೆ.

ಯಾವ ಕೋರ್ಸ್‌ಗಳು ಸಿಗುತ್ತವೆ? ಫುಟ್‌ಹಿಲ್ ಕಾಲೇಜಿನಲ್ಲಿ ಡೆಂಟಲ್ ಹೈಜೀನ್. ಸ್ಯಾನ್ ಬ್ರೂನೋದ ಸ್ಕೈಲೈನ್‌ನಲ್ಲಿ ರೆಸ್ಪಿರೇಟರಿ ಕೇರ್. ಸಾಂಟಾ ಮೋನಿಕಾದಲ್ಲಿ ಇಂಟರ್‌ಆಕ್ಷನ್ ಡಿಸೈನ್. ಮಿರಾಕೋಸ್ಟಾ ಮತ್ತು ಸೊಲಾನೊದಲ್ಲಿ ಬಯೋಮ್ಯಾನುಫ್ಯಾಕ್ಚರಿಂಗ್. ಬೇಕರ್ಸ್‌ಫೀಲ್ಡ್‌ನಲ್ಲಿ ಇಂಡಸ್ಟ್ರಿಯಲ್ ಆಟೊಮೇಷನ್. ಸ್ಯಾನ್ ಡಿಯಾಗೊ ಮೆಸಾದಲ್ಲಿ ಹೆಲ್ತ್ ಇನ್ಫರ್ಮೇಷನ್ ಮ್ಯಾನೇಜ್‌ಮೆಂಟ್. ಸೈಪ್ರಸ್ ಕಾಲೇಜಿನಲ್ಲಿ ಅಂತ್ಯಸಂಸ್ಕಾರದ ವ್ಯವಸ್ಥೆ ನಡೆಸುವ ಕೆಲಸಕ್ಕೂ ಡಿಗ್ರಿ ಇದೆ. ಬೆಟ್ಟದ ಮೇಲಿನ ಫೆದರ್ ರಿವರ್ ಕಾಲೇಜಿನಲ್ಲಿ ಕುದುರೆ ಸಾಕಣೆ ಮತ್ತು ರ‍್ಯಾಂಚ್ ನಿರ್ವಹಣೆ ಕಲಿಸುತ್ತಾರೆ.

ಪಟ್ಟಿಯಲ್ಲಿ ಏನಿಲ್ಲ ಗಮನಿಸಿದಿರಾ? ಮಾಮೂಲಿ ಕಂಪ್ಯೂಟರ್ ಸೈನ್ಸ್ ಇಲ್ಲ. ಬಯಾಲಜಿ ಇಲ್ಲ. ಸೈಕಾಲಜಿ ಇಲ್ಲ. ಮಾಮೂಲಿ ಬಿಸಿನೆಸ್ ಡಿಗ್ರಿ ಇಲ್ಲ. ಇವೆಲ್ಲ ಸಿಎಸ್‌ಯುನಲ್ಲಿವೆ, ಹಾಗಾಗಿ ಕಾನೂನು ಬಿಡಲ್ಲ. ನರ್ಸಿಂಗ್ ಬಗ್ಗೆ ಬಹಳ ಜನ ಕೇಳುತ್ತಾರೆ. ಕೆಲವು ಕಮ್ಯುನಿಟಿ ಕಾಲೇಜುಗಳಲ್ಲಿ ಬಿಎಸ್‌ಎನ್, ಅಂದರೆ ನರ್ಸಿಂಗ್ ಬ್ಯಾಚುಲರ್ ಡಿಗ್ರಿ ಶುರು ಮಾಡುವ ಮಸೂದೆಗಳು 2024ರಲ್ಲಿ ಶಾಸನಸಭೆಯಲ್ಲಿ ಪಾಸಾದವು, ಗವರ್ನರ್ ನ್ಯೂಸಮ್ ವೀಟೊ ಮಾಡಿದರು. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿ ನರ್ಸ್ ಆಗಬೇಕೆನ್ನೋರ ಅಗ್ಗದ ದಾರಿ ಬೇರೆ. ಕಮ್ಯುನಿಟಿ ಕಾಲೇಜಿನಲ್ಲಿ ಅಸೋಸಿಯೇಟ್ ಡಿಗ್ರಿ ಮಾಡಿ, ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಪರೀಕ್ಷೆ ಬರೆದು, ಆಮೇಲೆ ಸಿಎಸ್‌ಯುನಲ್ಲಿ ಬಿಎಸ್‌ಎನ್ ಮುಗಿಸುವುದು.

ಡೆಂಟಲ್ ಹೈಜೀನ್ ಅನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬೇ ಏರಿಯಾದ ನಮ್ಮವರು ಹೆಚ್ಚಾಗಿ ವಿಚಾರಿಸೋದು ಇದನ್ನೇ. ಸೇರೋಕೆ ಮುಂಚೆ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಕೆಮಿಸ್ಟ್ರಿ ಮುಗಿಸಿರಬೇಕು, ಒಳ್ಳೆಯ ಗ್ರೇಡಿನಲ್ಲಿ. ಸೀಟುಗಳು ಕಡಿಮೆ, ಅರ್ಜಿ ಜಾಸ್ತಿ. ಒಳಗೆ ಹೋದ ಮೇಲೆ ಮೊದಲು ಪ್ಲಾಸ್ಟಿಕ್ ಹಲ್ಲಿನ ಬೊಂಬೆ ತಲೆಯ ಮೇಲೆ ಅಭ್ಯಾಸ. ಆಮೇಲೆ ಕ್ಲಿನಿಕ್‌ನಲ್ಲಿ ನಿಜವಾದ ರೋಗಿಗಳು. ಇಲ್ಲೊಂದು ವಿಷಯ ಯಾವ ಬ್ರೋಶರ್‌ನಲ್ಲೂ ದಪ್ಪಕ್ಷರದಲ್ಲಿ ಇರಲ್ಲ. ಇಂಥ ಕೋರ್ಸ್‌ಗಳಲ್ಲಿ ರೋಗಿಗಳನ್ನು ಹುಡುಕುವ ಹೊಣೆ ಎಷ್ಟೋ ಸಲ ವಿದ್ಯಾರ್ಥಿಗಳ ಮೇಲೇ ಬೀಳುತ್ತದೆ. ಅದೂ ಯಾರಾದರೂ ಆಗಲ್ಲ. ಹಲ್ಲಿಗೆ ಗಟ್ಟಿಯಾಗಿ ಪಾಚಿ ಕಟ್ಟಿರಬೇಕು, ವಸಡಿನ ಸಂದಿ ಇಂತಿಷ್ಟು ಆಳ ಇರಬೇಕು ಅಂತ ಲೆಕ್ಕವಿದೆ. ಅಪ್ಪ, ಅಮ್ಮ, ಪಕ್ಕದ ಮನೆ ಅಂಕಲ್, ಊರಿಂದ ಬಂದ ಅಜ್ಜಿ ಎಲ್ಲರೂ ಸರದಿಯಲ್ಲಿ ಬಾಯಿ ತೆರೆದು ಕೂರಬೇಕಾಗುತ್ತದೆ. ಜೊತೆಗೆ ಉಪಕರಣದ ಕಿಟ್, ಕಣ್ಣಿಗೆ ಹಾಕುವ ಲೂಪ್, ಪರೀಕ್ಷೆಗಳ ಫೀ ಎಲ್ಲ ಸೇರಿ ಸಾವಿರಾರು ಡಾಲರ್ ಬೇರೆಯೇ ಎತ್ತಿಡಬೇಕು.

ಇನ್ನೂ ಒಂದು ಮಾತು. ಹೈಜೀನಿಸ್ಟ್ ಲೈಸೆನ್ಸ್‌ಗೆ ಅಸೋಸಿಯೇಟ್ ಡಿಗ್ರಿ ಸಾಕು. ಹಲ್ಲು ಕ್ಲೀನ್ ಮಾಡೋಕೆ ಬ್ಯಾಚುಲರ್ಸ್ ಬೇಕಿಲ್ಲ. ಹಾಗಾದರೆ ಬ್ಯಾಚುಲರ್ಸ್ ಯಾಕೆ? ಮುಂದೆ ಕಲಿಸಬೇಕು, ಪಬ್ಲಿಕ್ ಹೆಲ್ತ್ ಕಡೆ ಹೋಗಬೇಕು, ಮಾಸ್ಟರ್ಸ್ ಮಾಡಬೇಕು ಅನ್ನೋರಿಗೆ ಅದು ಬಾಗಿಲು ತೆಗೆಯುತ್ತದೆ. ಮನೆ ಹತ್ತಿರ ಎರಡೂ ಸಿಗುವುದಾದರೆ, ಮುಂದೆ ಏನು ಮಾಡಬೇಕು ಅನ್ನೋದರ ಮೇಲೆ ಆರಿಸಿ.

ಈಗ ಮನಸ್ಸು ಬದಲಾಯಿಸುವ ಮಾತು. ರೆಸ್ಪಿರೇಟರಿ ಕೇರ್‌ನ ಮೂರನೇ ವರ್ಷದಲ್ಲಿ ಹುಡುಗನಿಗೆ ಆಸ್ಪತ್ರೆಯ ವಾಸನೆಯೇ ಆಗಲ್ಲ ಅಂತ ಗೊತ್ತಾದರೆ? ಯೂನಿವರ್ಸಿಟಿಯಲ್ಲಾದರೆ ಮೇಜರ್ ಬದಲಾಯಿಸಿಕೊಂಡು ಅಲ್ಲೇ ಮುಂದುವರಿಯಬಹುದು. ಕಮ್ಯುನಿಟಿ ಕಾಲೇಜಿನಲ್ಲಿ ಬ್ಯಾಚುಲರ್ ಕೋರ್ಸ್‌ಗಳು ಒಂದೋ ಎರಡೋ ಇರುತ್ತವೆ, ಬದಲಾಯಿಸೋಕೆ ಜಾಗವೇ ಇಲ್ಲ. ಬೇರೆ ಕಡೆ ಹೋಗೋಣ ಅಂದರೆ ಯುಸಿ, ಸಿಎಸ್‌ಯು ಎರಡೂ ಕಮ್ಯುನಿಟಿ ಕಾಲೇಜಿನಿಂದ ತಂದ ಯುನಿಟ್‌ಗಳನ್ನು ಸಾಮಾನ್ಯವಾಗಿ 70 ಸೆಮಿಸ್ಟರ್ ಯುನಿಟ್‌ವರೆಗೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಅದರಲ್ಲೂ ವೆಂಟಿಲೇಟರ್ ಬಗ್ಗೆ ಓದಿದ್ದು ಎಕನಾಮಿಕ್ಸ್ ಡಿಗ್ರಿಗೆ ಏನು ಉಪಯೋಗಕ್ಕೆ ಬರುತ್ತದೆ? ಒಂದೂವರೆ ಎರಡು ವರ್ಷ ಕೈಬಿಟ್ಟ ಹಾಗೆ.

ಮಾನ್ಯತೆ ಬಗ್ಗೆ ಸುಮ್ನೆ ಹೆದರಬೇಕಿಲ್ಲ. ಕ್ಯಾಲಿಫೋರ್ನಿಯಾದ ಈ ಕಾಲೇಜುಗಳಿಗೆ ಮಾನ್ಯತೆ ಕೊಡೋದು ಎಸಿಸಿಜೆಸಿ, ಅದು ಅಮೆರಿಕದ ಶಿಕ್ಷಣ ಇಲಾಖೆ ಒಪ್ಪಿದ ಸಂಸ್ಥೆ. ಡಿಗ್ರಿ ಅಸಲಿ ಡಿಗ್ರಿಯೇ. ಮಾಸ್ಟರ್ಸ್‌ಗೆ ಅರ್ಜಿ ಹಾಕಬಹುದು. ಆದರೆ ಕೈಕೆಲಸಕ್ಕೆ ಒತ್ತು ಕೊಟ್ಟ ಡಿಗ್ರಿಯಾದ್ದರಿಂದ ಮಾಸ್ಟರ್ಸ್‌ಗೆ ಬೇಕಾದ ಕೆಲವು ಕೋರ್ಸ್‌ಗಳು ಇಲ್ಲದೇ ಇರಬಹುದು. ಯಾವ ಮಾಸ್ಟರ್ಸ್ ಕಡೆ ಕಣ್ಣಿದೆಯೋ ಅದರ ಪ್ರವೇಶದ ಪುಟ ಈಗಲೇ ತೆರೆದು ನೋಡಿ. ಭಾರತಕ್ಕೆ ಮರಳುವ ಯೋಚನೆ ಇದ್ದರೆ ಅಲ್ಲಿ ಡಿಗ್ರಿಗೆ ತತ್ಸಮಾನ ಮಾನ್ಯತೆ ಸಿಗುತ್ತದಾ ಅನ್ನೋದನ್ನೂ ಸೇರುವ ಮುಂಚೆಯೇ ವಿಚಾರಿಸಿ.

ಎರಡನೇ ದಾರಿ: ಎರಡು ವರ್ಷ ಇಲ್ಲಿ, ಎರಡು ವರ್ಷ ಅಲ್ಲಿ

ನನ್ನನ್ನು ಕೇಳಿದರೆ ಕ್ಯಾಲಿಫೋರ್ನಿಯಾದ ಹೆಚ್ಚಿನ ಕನ್ನಡ ಕುಟುಂಬಗಳಿಗೆ ಹೊಂದುವ ದಾರಿ ಇದೇ. ಬ್ಯಾಚುಲರ್ ಡಿಗ್ರಿ ಕಮ್ಯುನಿಟಿ ಕಾಲೇಜಿನದ್ದಲ್ಲ, ಆದರೆ ಅರ್ಧ ದಾರಿಯ ಖರ್ಚು ಕಮ್ಯುನಿಟಿ ಕಾಲೇಜಿನದ್ದು. ಮೊದಲ ಎರಡು ವರ್ಷಕ್ಕೆ ಅದೇ 2,760 ಡಾಲರ್. ಮೊದಲ ಸಲ ಕಾಲೇಜಿಗೆ ಸೇರಿ ಪೂರ್ಣಾವಧಿ ಓದುವವರಿಗೆ ಪ್ರಾಮಿಸ್ ಯೋಜನೆಯಡಿ ಎಷ್ಟೋ ಕಾಲೇಜುಗಳು ಆ ಫೀಯನ್ನೂ ಬಿಡುತ್ತವೆ.

ಸಿಎಸ್‌ಯುನಲ್ಲಿ 2025-26ಕ್ಕೆ ವರ್ಷದ ಟ್ಯೂಷನ್ 6,450 ಡಾಲರ್. ಕ್ಯಾಂಪಸ್ ಫೀ ಸೇರಿದರೆ ಎಂಟು ಸಾವಿರದ ಆಚೀಚೆ. ಅಂದರೆ ಎರಡೂ ಸೇರಿ ಡಿಗ್ರಿಗೆ 19 ಸಾವಿರದ ಸುತ್ತಮುತ್ತ. ಯುಸಿಗೆ ಟ್ರಾನ್ಸ್‌ಫರ್ ಆದರೆ ವರ್ಷಕ್ಕೆ 15 ಸಾವಿರದ ಮೇಲೆ ಹಿಡಿಯಿರಿ, ಒಟ್ಟು 33 ಸಾವಿರದಿಂದ ಶುರು. ಸಿಎಸ್‌ಯು ಟ್ಯೂಷನ್ ವರ್ಷಕ್ಕೆ 6%ರಂತೆ ಐದು ವರ್ಷ ಏರಿಸುವ ತೀರ್ಮಾನ 2023ರಲ್ಲೇ ಆಗಿದೆ. ಹಾಗಾಗಿ ಈ ವರ್ಷ ಸೇರುವ ಮಗು ಟ್ರಾನ್ಸ್‌ಫರ್ ಆಗುವ ಹೊತ್ತಿಗೆ ಅಂಕಿ ಇನ್ನೂ ಸ್ವಲ್ಪ ಮೇಲೇ ಇರುತ್ತದೆ.

ಇದರ ದೊಡ್ಡ ಅನುಕೂಲ ಮನಸ್ಸು ಬದಲಾಯಿಸೋಕೆ ಸಿಗುವ ಅವಕಾಶ. 46 ಡಾಲರ್ ಯುನಿಟ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್ ರುಚಿ ನೋಡಬಹುದು, ಫಿಲಾಸಫಿ ರುಚಿ ನೋಡಬಹುದು. ಸರಿಹೋಗದಿದ್ದರೆ ಕಳೆದುಕೊಂಡದ್ದು ಒಂದು ಸೆಮಿಸ್ಟರ್.

ಖಾತರಿಗಳೂ ಇವೆ. ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್ ಮುಗಿಸಿದರೆ ಸಿಎಸ್‌ಯು ವ್ಯವಸ್ಥೆಯಲ್ಲಿ ಎಲ್ಲಾದರೂ ಒಂದು ಕಡೆ ಸೀಟು ಖಾತರಿ. 'ಎಲ್ಲಾದರೂ' ಅನ್ನೋ ಪದ ಮುಖ್ಯ. ಸ್ಯಾನ್ ಹೋಸೆ ಸ್ಟೇಟ್‌ನ ಕಂಪ್ಯೂಟರ್ ಸೈನ್ಸೇ ಸಿಗುತ್ತದೆ ಅಂತ ಯಾರೂ ಮಾತು ಕೊಡಲ್ಲ. ಯುಸಿಯಲ್ಲಿ ಟ್ಯಾಗ್ ಎಂಬ ಖಾತರಿ ಇದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಕ್ಯಾಂಪಸ್‌ಗಳಲ್ಲಿ ಒಂದಕ್ಕೆ ಮಾತ್ರ ಹಾಕಬಹುದು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಇದರಲ್ಲಿಲ್ಲ. ಬೇಡಿಕೆ ಜಾಸ್ತಿ ಇರುವ ಕೆಲವು ಮೇಜರ್‌ಗಳನ್ನು ಈ ಆರರಲ್ಲೂ ಹಲವು ಕ್ಯಾಂಪಸ್‌ಗಳು ಹೊರಗಿಟ್ಟಿರುತ್ತವೆ, ಪಟ್ಟಿ ವರ್ಷ ವರ್ಷ ಬದಲಾಗುತ್ತದೆ. ಯಾವ ಕೋರ್ಸ್ ಯಾವುದಕ್ಕೆ ಸಮ ಅನ್ನೋದಕ್ಕೆ ಅಸಿಸ್ಟ್ ಅನ್ನೋ ಅಧಿಕೃತ ವೆಬ್‌ಸೈಟ್ ಇದೆ. ಸೀನಿಯರ್‌ಗಳು ಹೇಳಿದ್ದನ್ನು ನಂಬೋದಕ್ಕಿಂತ ಅದನ್ನು ನೋಡಿ.

ಕೊರತೆ ಏನು? ಇಂಟರ್ನ್‌ಶಿಪ್. ದೊಡ್ಡ ಕಂಪನಿಗಳು ಮುಂದಿನ ಬೇಸಿಗೆಯ ಇಂಟರ್ನ್‌ಗಳನ್ನು ಹಿಂದಿನ ವರ್ಷದ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಆರಿಸಲು ಶುರು ಮಾಡುತ್ತವೆ. ಟ್ರಾನ್ಸ್‌ಫರ್ ಆದ ಹುಡುಗಿ ಆ ಹೊತ್ತಿಗೆ ಕ್ಯಾಂಪಸ್‌ನಲ್ಲಿ ಲೈಬ್ರರಿ ಎಲ್ಲಿದೆ ಅಂತ ಹುಡುಕುತ್ತಿರುತ್ತಾಳೆ. ಪ್ರೊಫೆಸರ್‌ಗಳ ಪರಿಚಯ, ಲ್ಯಾಬ್ ಕೆಲಸ, ಗೆಳೆಯರ ಗುಂಪು ಇವೆಲ್ಲಕ್ಕೂ ಅವಳಿಗೆ ಸಿಗೋದು ಎರಡೇ ವರ್ಷ. ಇದಕ್ಕೆ ಮದ್ದು ಇಲ್ಲ ಅಂತಲ್ಲ. ಕಮ್ಯುನಿಟಿ ಕಾಲೇಜಿನಲ್ಲಿದ್ದಾಗಲೇ ರೆಸ್ಯೂಮೆ ತಯಾರು ಮಾಡಿಕೊಂಡು, ಟ್ರಾನ್ಸ್‌ಫರ್ ಆಗುವ ಬೇಸಿಗೆಯಲ್ಲೇ ಅರ್ಜಿ ಹಾಕೋಕೆ ಶುರು ಮಾಡಬೇಕು.

ಮೂರನೇ ದಾರಿ: ನೇರವಾಗಿ ಯೂನಿವರ್ಸಿಟಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಮಾತನ್ನು ಇಲ್ಲಿ ಸ್ವಲ್ಪ ಎಚ್ಚರದಿಂದ ಬಳಸಬೇಕು. ಆದಾಯ ಕಡಿಮೆ ಇರುವ ಮನೆಗೆ ಯೂನಿವರ್ಸಿಟಿ ದುಬಾರಿ ಅನ್ನೋದು ಎಷ್ಟೋ ಸಲ ತಪ್ಪು ಲೆಕ್ಕ. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವ ಮಕ್ಕಳಿಗೆ ವರ್ಷಕ್ಕೆ 7,395 ಡಾಲರ್‌ವರೆಗೆ ಪೆಲ್ ಗ್ರಾಂಟ್, ಅಂದರೆ ಫೆಡರಲ್ ಸರ್ಕಾರದ ಸಹಾಯಧನ ಸಿಗಬಹುದು. ಅದರ ಮೇಲೆ ರಾಜ್ಯ ಕೊಡುವ ಕ್ಯಾಲ್ ಗ್ರಾಂಟ್. ಯುಸಿಯ ಬ್ಲೂ ಅಂಡ್ ಗೋಲ್ಡ್ ಯೋಜನೆಯಲ್ಲಿ ಒಂದು ಮಿತಿಯೊಳಗೆ ಆದಾಯ ಇದ್ದರೆ ಟ್ಯೂಷನ್ ಪೂರ್ತಿ ಮನ್ನಾ ಆಗುತ್ತದೆ. ಅಂಥ ಕುಟುಂಬ ಫೀ ಪಟ್ಟಿ ನೋಡಿ ಹೆದರಿ ಹಿಂದೆ ಸರಿಯೋದಕ್ಕಿಂತ ಮೊದಲು ಸಹಾಯಧನದ ಅರ್ಜಿ ಫಾಫ್ಸಾ ತುಂಬಿ, ಕಾಲೇಜು ಎಷ್ಟು ಕೇಳುತ್ತದೆ ನೋಡಬೇಕು.

ಇಬ್ಬರೂ ದುಡಿಯುವ ಟೆಕ್ ಕುಟುಂಬಕ್ಕೆ ಇದು ಉಲ್ಟಾ. ಆದಾಯ ಜಾಸ್ತಿ, ಹಾಗಾಗಿ ಸಹಾಯಧನ ಸೊನ್ನೆ. ಮನೆ ಸಾಲ, ಊರಲ್ಲಿ ಅಪ್ಪ ಅಮ್ಮನ ಖರ್ಚು ಯಾವುದನ್ನೂ ಆ ಫಾರ್ಮ್ ಕೇಳಲ್ಲ. ಇವರಿಗೆ ಯುಸಿ ನಾಲ್ಕು ವರ್ಷಕ್ಕೆ ಫೀಯೇ 60 ಸಾವಿರದ ಮೇಲೆ, ಹಾಸ್ಟೆಲ್ ಸೇರಿದರೆ ಅದು ದುಪ್ಪಟ್ಟಿಗಿಂತ ಹೆಚ್ಚು. ಸಿಎಸ್‌ಯುಗೆ ಮನೆಯಿಂದ ಹೋಗಿ ಬಂದರೆ ನಾಲ್ಕು ವರ್ಷಕ್ಕೆ 30-35 ಸಾವಿರ.

ನೇರವಾಗಿ ಹೋಗಬೇಕಾದವರು ಯಾರು? ಸಂಶೋಧನೆ ಕಡೆ ಒಲವಿರುವವರು, ಮೊದಲ ವರ್ಷದಿಂದಲೇ ಸ್ಟುಡಿಯೋ ಶುರುವಾಗುವ ಆರ್ಕಿಟೆಕ್ಚರ್‌ನಂಥ ಕೋರ್ಸ್‌ನವರು, ಮನೆಯಿಂದ ಹೊರಗಿದ್ದರೇ ಓದುವ ಮಕ್ಕಳು. ಕೊನೆಯದನ್ನು ತಮಾಷೆಗೆ ಹೇಳಿದ್ದಲ್ಲ. ಹೈಸ್ಕೂಲಿನ ಅದೇ ಗೆಳೆಯರ ಜೊತೆ ಅದೇ ಊರಲ್ಲಿ ಉಳಿದು ಎರಡು ವರ್ಷದ ಕೋರ್ಸ್ ನಾಲ್ಕು ವರ್ಷಕ್ಕೆ ಎಳೆದವರಿದ್ದಾರೆ. ಆಗ ಅಗ್ಗ ಅನ್ನೋದಕ್ಕೆ ಅರ್ಥವಿಲ್ಲ.

ಬೇರೆ ರಾಜ್ಯಗಳಲ್ಲಿದ್ದರೆ

ಸಿಯಾಟಲ್ ಕಡೆಯವರಿಗೆ ಲೆಕ್ಕವೇ ಬೇರೆ. ವಾಷಿಂಗ್ಟನ್‌ನಲ್ಲಿ ಸಿಎಸ್‌ಯು ಥರದ ತಡೆ ಇಲ್ಲ. ಬೆಲ್ವ್ಯೂ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಬಿಎಸ್ ಇದೆ. 2021ರ ಕಾನೂನಿನಿಂದ ಉಳಿದ ಕಮ್ಯುನಿಟಿ ಮತ್ತು ಟೆಕ್ನಿಕಲ್ ಕಾಲೇಜುಗಳೂ ಅದನ್ನು ಕೊಡಬಹುದು. ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನ ಕಂಪ್ಯೂಟರ್ ಸೈನ್ಸ್ ಸೀಟು ಕೈತಪ್ಪಿದ ಮಕ್ಕಳಿಗೆ ಇದು ನಿಜವಾದ ಪರ್ಯಾಯ. ಜೊತೆಗೆ ರನ್ನಿಂಗ್ ಸ್ಟಾರ್ಟ್ ಯೋಜನೆ ಇದೆ. ಹೈಸ್ಕೂಲಿನ ಹನ್ನೊಂದು, ಹನ್ನೆರಡನೇ ತರಗತಿಯ ಮಕ್ಕಳು ಟ್ಯೂಷನ್ ಇಲ್ಲದೆ ಕಮ್ಯುನಿಟಿ ಕಾಲೇಜಿನಲ್ಲಿ ಓದಬಹುದು. ಹೈಸ್ಕೂಲ್ ಮುಗಿಯುವ ಹೊತ್ತಿಗೆ ಅಸೋಸಿಯೇಟ್ ಡಿಗ್ರಿಯೂ ಕೈಯಲ್ಲಿ ಇರಬಹುದು. ಬ್ಯಾಚುಲರ್ ಡಿಗ್ರಿಯ ಮೂರು, ನಾಲ್ಕನೇ ವರ್ಷದ ಫೀ ಮೊದಲ ಎರಡು ವರ್ಷದ್ದಕ್ಕಿಂತ ಜಾಸ್ತಿ, ಆದರೂ ಯುಡಬ್ಲ್ಯೂಗಿಂತ ಕಡಿಮೆ.

ಟೆಕ್ಸಸ್‌ನಲ್ಲಿ 2021ರಿಂದ ಒಂದು ಕಾಲೇಜು ಐದು ಬ್ಯಾಚುಲರ್ ಕೋರ್ಸ್‌ಗಳವರೆಗೆ ಕೊಡಬಹುದು. ಪ್ಲೇನೊ, ಫ್ರಿಸ್ಕೊ ಭಾಗದ ಕಾಲಿನ್ ಕಾಲೇಜಿನಲ್ಲಿ ಸೈಬರ್ ಸೆಕ್ಯುರಿಟಿ ಇದೆ, ಆರ್‌ಎನ್ ಆದವರಿಗೆ ಬಿಎಸ್‌ಎನ್ ಇದೆ. ಇಲ್ಲೊಂದು ಸಣ್ಣ ಆದರೆ ದುಬಾರಿ ವಿಷಯ. ಫ್ರಿಸ್ಕೊ ಊರು ಕಾಲಿನ್ ಮತ್ತು ಡೆಂಟನ್ ಎರಡೂ ಕೌಂಟಿಗಳಲ್ಲಿ ಹರಡಿದೆ. ಮನೆ ಕಾಲಿನ್ ಕಡೆ ಇದ್ದರೆ ಒಂದು ಫೀ, ರಸ್ತೆ ದಾಟಿ ಡೆಂಟನ್ ಕಡೆ ಇದ್ದರೆ ಅದಕ್ಕಿಂತ ಹೆಚ್ಚು. ಪ್ರಾಪರ್ಟಿ ಟ್ಯಾಕ್ಸ್ ಬಿಲ್ ತೆಗೆದು ಯಾವ ಕೌಂಟಿ ಅಂತ ನೋಡಿ.

ಫ್ಲಾರಿಡಾದಲ್ಲಿ ಈ ವ್ಯವಸ್ಥೆ ಹಳೆಯದು, ಗಟ್ಟಿಯಾಗಿದೆ. ಮಯಾಮಿ ಡೇಡ್ ಕಾಲೇಜಿನಲ್ಲಿ ಮೊದಲ ಎರಡು ವರ್ಷಕ್ಕೆ ಕ್ರೆಡಿಟ್‌ಗೆ ಸುಮಾರು 118 ಡಾಲರ್, ಆಮೇಲೆ ಸುಮಾರು 130. ಡಿಗ್ರಿಗೆ 15 ಸಾವಿರದ ಹತ್ತಿರ. ಆದರೆ ಅಲ್ಲಿ ಯೂನಿವರ್ಸಿಟಿಗಳೇ ಅಗ್ಗ. ಯೂನಿವರ್ಸಿಟಿ ಆಫ್ ಫ್ಲಾರಿಡಾದಲ್ಲಿ ನಿವಾಸಿಗಳಿಗೆ ವರ್ಷಕ್ಕೆ ಆರೂವರೆ ಸಾವಿರದೊಳಗೆ. ಚೆನ್ನಾಗಿ ಓದಿದ ಮಗುವಿಗೆ ಬ್ರೈಟ್ ಫ್ಯೂಚರ್ಸ್ ಸ್ಕಾಲರ್‌ಶಿಪ್‌ನ ಮೇಲಿನ ಹಂತ ಸಿಕ್ಕರೆ ಟ್ಯೂಷನ್ ಪೂರ್ತಿ ಹೋಗುತ್ತದೆ. ಹಾಗಾಗಿ ಆ ರಾಜ್ಯದಲ್ಲಿ ಉಳಿತಾಯಕ್ಕೋಸ್ಕರ ಕಮ್ಯುನಿಟಿ ಕಾಲೇಜು ಅನ್ನೋ ವಾದ ಅಷ್ಟು ಗಟ್ಟಿಯಲ್ಲ. ಕೆಲಸ ಮಾಡುತ್ತಾ ಓದಬೇಕು ಅನ್ನೋರಿಗೆ ಸರಿ.

ಅರಿಜೋನಾದ ಮೆರಿಕೋಪಾ ಕಾಲೇಜುಗಳು 2023ರಲ್ಲಿ ಶುರು ಮಾಡಿದವು. ಕ್ರೆಡಿಟ್‌ಗೆ 97 ಡಾಲರ್, ಮೇಲಿನ ಎರಡು ವರ್ಷಕ್ಕೆ ಅದರ ಒಂದೂವರೆ ಪಟ್ಟು. ಅದಕ್ಕಿಂತ ಜಾಸ್ತಿ ವಸೂಲಿ ಮಾಡುವಂತಿಲ್ಲ ಅಂತ ಕಾನೂನೇ ಹೇಳುತ್ತದೆ.

ವೀಸಾ ಇರುವ ಮನೆಗಳಲ್ಲಿ

ಕ್ಯಾಲಿಫೋರ್ನಿಯಾದಲ್ಲಿ ಎಚ್-4 ಮಕ್ಕಳನ್ನು, ಅಂದರೆ ಎಚ್-1ಬಿ ವೀಸಾದವರ ಅವಲಂಬಿತ ಮಕ್ಕಳನ್ನು ನಿವಾಸಿಗಳು ಅಂತ ಪರಿಗಣಿಸಲು ಅವಕಾಶವಿದೆ. ಒಂದು ವರ್ಷ ಒಂದು ದಿನಕ್ಕಿಂತ ಕಡಿಮೆಯಿಲ್ಲದೆ ರಾಜ್ಯದಲ್ಲಿ ವಾಸ ಇದ್ದದ್ದು ತೋರಿಸಬೇಕು. ಅಂದರೆ 46 ಡಾಲರ್ ಫೀ ಇವರಿಗೂ ಸಿಗಬಹುದು. ಫೆಡರಲ್ ಸಹಾಯಧನ ಮಾತ್ರ ಸಿಗಲ್ಲ. ಪೆಲ್ ಗ್ರಾಂಟೂ ಇಲ್ಲ, ಫೆಡರಲ್ ಸಾಲವೂ ಇಲ್ಲ. ಹಾಗಾಗಿ ಎಚ್-4 ಮನೆಗಳಿಗೆ ಕಮ್ಯುನಿಟಿ ಕಾಲೇಜಿನ ಅಗ್ಗದ ಫೀ ಬೇರೆಯವರಿಗಿಂತ ಜಾಸ್ತಿ ಮುಖ್ಯ.

ಆದರೆ 21ನೇ ಹುಟ್ಟುಹಬ್ಬ ನೆನಪಿರಲಿ. ಗ್ರೀನ್ ಕಾರ್ಡ್ ಸಾಲಿನಲ್ಲಿ ಕಾಯುತ್ತಿರುವ ಮನೆಗಳಲ್ಲಿ ಮಗು 21 ದಾಟಿದರೆ ಎಚ್-4 ಹೋಗುತ್ತದೆ, ಹೆಚ್ಚಿನವರು ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗುತ್ತಾರೆ. ಎಫ್-1 ಮೇಲೆ ನಿವಾಸಿ ಫೀ ಸಿಗಲ್ಲ. ಡಿಗ್ರಿಯ ಮೂರನೇ ಅಥವಾ ನಾಲ್ಕನೇ ವರ್ಷದಲ್ಲೇ ಇದು ಬಂದು ಬಡಿಯುತ್ತದೆ. ಯುಸಿಯಲ್ಲಿ ಹೊರಗಿನವರ ಫೀ ವರ್ಷಕ್ಕೆ ಹತ್ತಾರು ಸಾವಿರ ಡಾಲರ್ ಏರುತ್ತದೆ. ಕಮ್ಯುನಿಟಿ ಕಾಲೇಜಿನಲ್ಲಿ ಅಷ್ಟು ದೊಡ್ಡ ಏಟಲ್ಲ. ಹುಟ್ಟಿದ ತಾರೀಕು ಮತ್ತು ಡಿಗ್ರಿ ಮುಗಿಯುವ ತಾರೀಕು ಎರಡನ್ನೂ ಅಕ್ಕಪಕ್ಕ ಬರೆದುಕೊಂಡೇ ಆರಿಸಿ. ಇಮಿಗ್ರೇಷನ್ ವಕೀಲರನ್ನು ಹೇಗೂ ಕೇಳುತ್ತೀರಲ್ಲ, ಇದನ್ನೂ ಕೇಳಿ.

ಕರ್ನಾಟಕದಿಂದ ನೇರವಾಗಿ ಎಫ್-1 ಮೇಲೆ ಬರುವವರಿಗೆ 10,560ರ ಮಾತೇ ಇಲ್ಲ. ಹೊರದೇಶದವರಿಗೆ ಸೆಮಿಸ್ಟರ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಯುನಿಟ್‌ಗೆ 300ರಿಂದ 400 ಡಾಲರ್ ಹೆಚ್ಚು ಸೇರುತ್ತದೆ. ಅದರ ಮೇಲೆ ಬಾಡಿಗೆ, ಆರೋಗ್ಯ ವಿಮೆ. ಎರಡು ವರ್ಷ ಇಲ್ಲಿ ಓದಿ ಯುಸಿಗೆ ಟ್ರಾನ್ಸ್‌ಫರ್ ಆಗುವ ಗುರಿ ಇದ್ದರೆ ಅದಕ್ಕೊಂದು ತರ್ಕ ಇದೆ, ಡಿ ಆನ್ಜಾ, ಫುಟ್‌ಹಿಲ್‌ಗೆ ಹೊರದೇಶದ ಮಕ್ಕಳು ಬರೋದು ಅದಕ್ಕೇ. ಕಮ್ಯುನಿಟಿ ಕಾಲೇಜಿನ ಬ್ಯಾಚುಲರ್ ಡಿಗ್ರಿಗೋಸ್ಕರವೇ ಮೈಸೂರಿಂದಲೋ ಹುಬ್ಬಳ್ಳಿಯಿಂದಲೋ ಸಾಲ ಮಾಡಿ ಬರೋದನ್ನು ನಾನು ಒಪ್ಪಲ್ಲ. ಡಿಗ್ರಿ ಆದ ಮೇಲೆ ಸಿಗುವ ಒಪಿಟಿ, ಅಂದರೆ ಕೆಲಸ ಮಾಡುವ ಅನುಮತಿ 12 ತಿಂಗಳು, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿರುವ ಕೋರ್ಸ್ ಆದರೆ ಮಾತ್ರ ಇನ್ನೂ 24. ಯಾವುದೇ ಏಜೆಂಟ್ ಮಾತಿಗೆ ಮುಂಚೆ ನಿಮ್ಮ ಕೋರ್ಸ್ ಆ ಪಟ್ಟಿಯಲ್ಲಿದೆಯಾ ಅಂತ ಕಾಲೇಜಿನಿಂದಲೇ ಬರಹದಲ್ಲಿ ತರಿಸಿಕೊಳ್ಳಿ.

ಮಕ್ಕಳಿಗಲ್ಲ, ನನಗೆ ಅನ್ನೋರಿಗೆ

ಊರಲ್ಲಿ ಬಿಕಾಂ, ಬಿಎಸ್ಸಿ ಮಾಡಿ ಇಲ್ಲಿಗೆ ಬಂದು, ಈಗ ಎಚ್-4 ಇಎಡಿ (ಕೆಲಸದ ಅನುಮತಿ) ಅಥವಾ ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಏನಾದರೂ ಓದೋಣ ಅನ್ನುವ ಅಮ್ಮಂದಿರು ಬಹಳ ಇದ್ದಾರೆ. ಇವರಲ್ಲಿ ಹೆಚ್ಚಿನವರಿಗೆ ಎರಡನೇ ಬ್ಯಾಚುಲರ್ ಡಿಗ್ರಿ ಬೇಕಾಗೇ ಇಲ್ಲ. ಒಮ್ಮೆ ಬ್ಯಾಚುಲರ್ಸ್ ಆದವರಿಗೆ, ಅದು ಹೊರದೇಶದ್ದಾದರೂ, ಪೆಲ್ ಗ್ರಾಂಟ್ ಸಾಮಾನ್ಯವಾಗಿ ಸಿಗಲ್ಲ. ಬದಲಿಗೆ ಊರಿನ ಮಾರ್ಕ್ಸ್ ಕಾರ್ಡುಗಳನ್ನು ಇವ್ಯಾಲ್ಯುಯೇಷನ್ ಮಾಡಿಸಿ, ಕಮ್ಮಿ ಬಿದ್ದ ಕೋರ್ಸ್‌ಗಳನ್ನು ಮಾತ್ರ ಕಮ್ಯುನಿಟಿ ಕಾಲೇಜಿನಲ್ಲಿ ತಗೊಳ್ಳಿ. ಬಿಕಾಂ ಆದವರು ಸಿಪಿಎಗೆ (ನಮ್ಮ ಸಿಎ ಥರದ ಲೈಸೆನ್ಸ್) ಬೇಕಾದ ಅಕೌಂಟಿಂಗ್ ಯುನಿಟ್‌ಗಳನ್ನು 46 ಡಾಲರ್ ಲೆಕ್ಕದಲ್ಲಿ ತುಂಬಿಕೊಳ್ಳೋದು ಇಲ್ಲಿ ಸಾಮಾನ್ಯ. ಮೂರು ವರ್ಷದ ಡಿಗ್ರಿಗೆ ಒಂದೊಂದು ಸಂಸ್ಥೆ ಒಂದೊಂದು ರೀತಿ ಬೆಲೆ ಕಟ್ಟುತ್ತದೆ, ಹಾಗಾಗಿ ನಿಮ್ಮ ಲೈಸೆನ್ಸ್ ಬೋರ್ಡ್ ಒಪ್ಪುವ ಸಂಸ್ಥೆಯಲ್ಲೇ ಮಾಡಿಸಿ.

ಊರಲ್ಲಿ ಡಿಗ್ರಿ ಅರ್ಧಕ್ಕೆ ನಿಂತಿದ್ದರೆ, ಅಥವಾ ಕ್ಲಾಸಿಗೆ ಹೋಗಿ ಕೂರೋಕೆ ಸಮಯವೇ ಇಲ್ಲದಿದ್ದರೆ, ಯೂಟಾದ ಡಬ್ಲ್ಯೂಜಿಯು (ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿ) ಥರದ ಲಾಭರಹಿತ ಆನ್‌ಲೈನ್ ಯೂನಿವರ್ಸಿಟಿ ಇದೆ. ಆರು ತಿಂಗಳಿಗೆ ಇಂತಿಷ್ಟು ಅಂತ ಒಂದೇ ಫೀ, ಆ ಅವಧಿಯಲ್ಲಿ ಎಷ್ಟು ಕೋರ್ಸ್ ಬೇಕಾದರೂ ಮುಗಿಸಬಹುದು. ಬೇಗ ಓದುವವರಿಗೆ ಅಗ್ಗ, ನಿಧಾನದವರಿಗೆ ದುಬಾರಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ರಾತ್ರಿ ಹತ್ತರ ಮೇಲೆ ಮಾತ್ರ ಓದೋಕೆ ಆಗುತ್ತದೆ ಅಂದರೆ ಎರಡನೇ ಸಾಲಿಗೆ ಸೇರುತ್ತೀರಿ ಅಂತಲೇ ಲೆಕ್ಕ ಹಾಕಿ.

ತಾರೀಕುಗಳು

ಯುಸಿ ಮತ್ತು ಸಿಎಸ್‌ಯು ಎರಡಕ್ಕೂ ಅರ್ಜಿಯ ಮುಖ್ಯ ಅವಧಿ ಅಕ್ಟೋಬರ್ ಮತ್ತು ನವೆಂಬರ್. ಟ್ಯಾಗ್ ಅರ್ಜಿ ಅದಕ್ಕೂ ಮುಂಚೆ, ಸೆಪ್ಟೆಂಬರ್ 1ರಿಂದ 30ರವರೆಗೆ ಮಾತ್ರ. ಕಮ್ಯುನಿಟಿ ಕಾಲೇಜಿನ ಬ್ಯಾಚುಲರ್ ಕೋರ್ಸ್‌ಗಳಿಗೆ ಕಾಲೇಜಿಗೆ ಸೇರಿದ್ದರಷ್ಟೇ ಸಾಲದು, ಪ್ರತ್ಯೇಕ ಅರ್ಜಿ ಹಾಕಬೇಕು. ಅದರ ಕೊನೆ ದಿನ ಕೋರ್ಸ್‌ನಿಂದ ಕೋರ್ಸ್‌ಗೆ ಬೇರೆ. ಕೌನ್ಸೆಲರ್ ಜೊತೆ ಅಪಾಯಿಂಟ್‌ಮೆಂಟ್ ಆಗಸ್ಟ್‌ನಲ್ಲೇ ಹಿಡಿಯಿರಿ, ಸೆಪ್ಟೆಂಬರ್‌ನಲ್ಲಿ ಸಿಗೋದು ಕಷ್ಟ. ಹೋಗುವಾಗ ಮೂರು ಪ್ರಶ್ನೆ ಬರೆದುಕೊಂಡು ಹೋಗಿ. ಹೋದ ವರ್ಷ ಈ ಕೋರ್ಸ್‌ಗೆ ಎಷ್ಟು ಜನ ಅರ್ಜಿ ಹಾಕಿದ್ದರು, ಎಷ್ಟು ಜನರಿಗೆ ಸೀಟು ಸಿಕ್ಕಿತು? ಈ ಸಲ ಸೀಟು ಸಿಗದಿದ್ದರೆ ಓದಿದ ಯುನಿಟ್‌ಗಳಲ್ಲಿ ಎಷ್ಟು ಟ್ರಾನ್ಸ್‌ಫರ್ ಆಗುತ್ತವೆ? ಫೀ ಬಿಟ್ಟು ಉಪಕರಣ, ಯೂನಿಫಾರ್ಮ್, ಪರೀಕ್ಷೆಗೆ ಎಷ್ಟು ಖರ್ಚು? ಮಾತನ್ನು ಮಗುವೇ ಆಡಲಿ, ನೀವು ಪಕ್ಕದಲ್ಲಿ ಕೂತು ಬರೆದುಕೊಳ್ಳಿ.